ಗ್ರೀನ್ ಬೇ ತಂಡದ ನಾಯಕ ಪರಂಪರೆ: ಹೋಲಿಕೆಯ ನ್ಯಾಯ ಮತ್ತು ಅನ್ಯಾಯ

ಗತಿಸಿದ ಕಾಲವನ್ನು ಹಿರಿದೆಂದೂ ನಡೆಯುತ್ತಿರುವ ಕಾಲವನ್ನು ಕಿರಿದೆಂದೂ ಭಾವಿಸುವುದು ಮಾನವ ಸ್ವಭಾವ. ಕಣ್ಣೆದುರಿನಲ್ಲಿರುವವನ ದೋಷಗಳು ದಿನವೂ ಕಾಣುತ್ತವೆ. ಹಿಂದಿನವನ ದೋಷಗಳನ್ನು ಕಾಲವೇ ಮರೆಮಾಡಿ, ಗುಣಗಳನ್ನು ಮಾತ್ರ ಉಳಿಸಿಕೊಡುತ್ತದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹುಟ್ಟಿದ್ದು ಇದರಿಂದಲೇ. ಒಬ್ಬ ಸಮರ್ಥನ ಸ್ಥಾನಕ್ಕೆ ಮತ್ತೊಬ್ಬನು ಬಂದು ನಿಂತಾಗ ಅವನನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬ ಪ್ರಶ್ನೆ ಎಲ್ಲ ಸಂಸ್ಥೆಗಳಿಗೂ ಎದುರಾಗುವಂಥದು. ಅಮೆರಿಕದ ಒಂದು ಸಣ್ಣ ಊರಿನ ಫುಟ್ಬಾಲ್ ತಂಡದ ಇತಿಹಾಸವು ಈ ಪ್ರಶ್ನೆಯ ಮೇಲೆ ವಿಶೇಷವಾದ ಬೆಳಕನ್ನು ಬೀರುತ್ತದೆ.

ಅಮೆರಿಕನ್ ಫುಟ್ಬಾಲು ನಾವು ಕಾಲ್ಚೆಂಡೆಂದು ಕರೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಇಲ್ಲವೆ ಎಸೆಯುತ್ತ, ನೂರು ಗಜ ಉದ್ದದ ಅಂಕಣದಲ್ಲಿ ಎದುರಾಳಿಯ ಗಡಿಯನ್ನು ದಾಟುವುದು ಅದರ ಗುರಿ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದುವರಿಯದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಆಕ್ರಮಣ ಮಾಡುವ ಹನ್ನೊಂದು ಜನರ ನಡುವೆ ನಿಂತು, ಪ್ರತಿ ಸಲವೂ ಚೆಂಡನ್ನು ಮೊದಲು ಕೈಗೆತ್ತಿಕೊಂಡು, ಅದನ್ನು ಯಾರಿಗೆ ಕೊಡಬೇಕು, ಎತ್ತ ಎಸೆಯಬೇಕು ಎಂಬುದನ್ನು ಎರಡು ಮೂರು ಕ್ಷಣಗಳಲ್ಲಿ ನಿರ್ಧರಿಸುವವನೇ ಕ್ವಾರ್ಟರ್‌ಬ್ಯಾಕ್. ಸೈನ್ಯಕ್ಕೆ ದಂಡನಾಯಕನಿದ್ದಂತೆ ತಂಡಕ್ಕೆ ಆತ. ಗೆದ್ದಾಗ ಅವನಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಕೀರ್ತಿಯೂ, ಸೋತಾಗ ಅವನಿಗೆ ಸೇರಬೇಕಾದುದಕ್ಕಿಂತ ಹೆಚ್ಚಿನ ನಿಂದೆಯೂ ಸಲ್ಲುವುದು ವಾಡಿಕೆ.

ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಪಟ್ಟಣದ ಜನಸಂಖ್ಯೆ 2020ರ ಗಣತಿಯಂತೆ ಸುಮಾರು ಒಂದು ಲಕ್ಷ ಏಳು ಸಾವಿರ. ಮಹಾನಗರಗಳ ತಂಡಗಳ ನಡುವೆ ಈ ಊರಿನ ತಂಡವು ಶತಮಾನ ದಾಟಿ ಉಳಿದಿರುವುದೇ ಒಂದು ಸೋಜಿಗ. 1919ರಲ್ಲಿ ಹುಟ್ಟಿದ ಈ ತಂಡಕ್ಕೆ ಮೊದಲ ಸಮವಸ್ತ್ರದ ವೆಚ್ಚವನ್ನು ಕೊಟ್ಟದ್ದು ಮಾಂಸವನ್ನು ಡಬ್ಬಿಗಳಲ್ಲಿ ತುಂಬುವ ಕಂಪೆನಿ. ಆದುದರಿಂದಲೇ ಅದಕ್ಕೆ ‘ಪ್ಯಾಕರ್ಸ್’ ಎಂಬ ಹೆಸರು. 1923ರಲ್ಲಿ ಊರಿನವರು ಷೇರುಗಳನ್ನು ಕೊಂಡು ಅದನ್ನು ಲಾಭರಹಿತ ಸಂಸ್ಥೆಯನ್ನಾಗಿ ಮಾಡಿದರು. ಅನಂತರ 1935, 1950, 1997, 2011 ಮತ್ತು 2021ರಲ್ಲಿ ಮತ್ತೆ ಷೇರುಗಳನ್ನು ನೀಡಲಾಯಿತು. ಷೇರುದಾರರ ಸಂಖ್ಯೆ ಐದು ಲಕ್ಷವನ್ನು ಮೀರಿದೆ. ಅವರಿಗೆ ಲಾಭಾಂಶವಿಲ್ಲ, ಷೇರಿನ ಬೆಲೆ ಏರುವುದೂ ಇಲ್ಲ. ಸಂಸ್ಥೆ ತಮ್ಮದೆಂಬ ಅಭಿಮಾನವೊಂದೇ ಅವರಿಗೆ ದೊರೆಯುವ ಪ್ರತಿಫಲ. ಇಂಥ ಊರಿನಲ್ಲಿ ನಾಯಕನೊಬ್ಬನ ಕುರಿತು ನಡೆಯುವ ಚರ್ಚೆ ಕೇವಲ ಕ್ರೀಡೆಯ ಚರ್ಚೆಯಲ್ಲ. ಅದು ಮನೆಯ ಮಗನ ಕುರಿತ ಮಾತಿನಂತೆ. ಅದರಲ್ಲಿ ಪ್ರೀತಿಯೂ ಇದೆ, ಪ್ರೀತಿಯ ಹೆಸರಿನ ಕಾಠಿಣ್ಯವೂ ಇದೆ.

2023ರಿಂದ ಆ ಸ್ಥಾನದಲ್ಲಿ ನಿಂತವರು ಜೋರ್ಡನ್ ಲವ್. ಅವರ ಹಿಂದೆ ಮೂವರು ಮಹನೀಯರ ನೆರಳಿದೆ: ಬಾರ್ಟ್ ಸ್ಟಾರ್, ಬ್ರೆಟ್ ಫಾರ್ವ್ ಮತ್ತು ಆರನ್ ರಾಜರ್ಸ್. ಲವ್ ಅವರು ಈ ಮೂವರ ಸಾಲಿಗೆ ಸೇರಬಲ್ಲರೇ ಎಂಬುದು ಅಲ್ಲಿನ ಅಭಿಮಾನಿಗಳ ನಿತ್ಯದ ಪ್ರಶ್ನೆ. ಉತ್ತರ ಹೇಳುವ ಮುನ್ನ ಆ ಮೂವರೂ ಹೇಗೆ ಮಹನೀಯರಾದರೆಂಬುದನ್ನು ನೆನೆಯುವುದು ಅವಶ್ಯ.

ಸ್ಟಾರ್ ಅವರ ಆರಂಭವು ಅತ್ಯಂತ ಸಾಧಾರಣವಾಗಿತ್ತು. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯಲ್ಲಿ, 1956ರಲ್ಲಿ ಅವರು ಆಯ್ಕೆಯಾದದ್ದು ಹದಿನೇಳನೆಯ ಸುತ್ತಿನಲ್ಲಿ, ಇನ್ನೂರನೆಯವರಾಗಿ. ಮೊದಲ ಮೂರು ವರ್ಷಗಳಲ್ಲಿ ಸ್ಥಾನವೇ ಭದ್ರವಿರಲಿಲ್ಲ. 1958ರಲ್ಲಿ ತಂಡವು ಹನ್ನೆರಡು ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು ಮಾತ್ರ. 1959ರಲ್ಲಿ ವಿನ್ಸ್ ಲೊಂಬಾರ್ಡಿ ತರಬೇತುದಾರರಾಗಿ ಬಂದರು. ಗುರುವಿಗೆ ತಕ್ಕ ಶಿಷ್ಯನೂ ಶಿಷ್ಯನಿಗೆ ತಕ್ಕ ಗುರುವೂ ದೊರೆತರೆ ಏನಾಗಬಹುದೆಂಬುದಕ್ಕೆ ಮುಂದಿನ ವರ್ಷಗಳೇ ಸಾಕ್ಷಿ. 1961, 1962, 1965, 1966 ಮತ್ತು 1967ರಲ್ಲಿ ತಂಡವು ರಾಷ್ಟ್ರದ ಪ್ರಶಸ್ತಿಯನ್ನು ಗೆದ್ದಿತು. ಮೊದಲ ಎರಡು ಸೂಪರ್ ಬೌಲ್‌ಗಳನ್ನೂ ಗೆದ್ದಿತು, ಎರಡರಲ್ಲಿಯೂ ಸ್ಟಾರ್ ಅವರೇ ಶ್ರೇಷ್ಠ ಆಟಗಾರರೆನಿಸಿದರು. 1967ರ ಡಿಸೆಂಬರ್ 31ರಂದು, ಶೂನ್ಯಕ್ಕಿಂತ ಇಪ್ಪತ್ತೈದು ಸೆಲ್ಸಿಯಸ್ ಡಿಗ್ರಿ ಕೆಳಗಿನ ಕೊರೆತದಲ್ಲಿ, ಮಂಜುಗಟ್ಟಿದ ನೆಲದ ಮೇಲೆ, ಡಲ್ಲಾಸ್ ತಂಡದೆದುರು ಇನ್ನು ಹದಿನಾರು ಸೆಕೆಂಡುಗಳು ಮಾತ್ರ ಉಳಿದಿದ್ದಾಗ, ಅವರು ಚೆಂಡನ್ನು ಯಾರಿಗೂ ಕೊಡದೆ ತಾವೇ ಗಡಿಯೊಳಗೆ ನುಗ್ಗಿ ಪಂದ್ಯವನ್ನು ಗೆದ್ದುಕೊಟ್ಟರು. ಅಂತಿಮ ಸುತ್ತಿನ ಹತ್ತು ಪಂದ್ಯಗಳಲ್ಲಿ ಅವರು ಸೋತದ್ದು ಒಂದನ್ನು ಮಾತ್ರ.

ಫಾರ್ವ್ ಅವರದು ಬೇರೆಯ ಪ್ರಕೃತಿ. 1992ರಲ್ಲಿ ಅಟ್ಲಾಂಟಾ ತಂಡದಿಂದ ಬಂದ ಅವರು, ಆ ಸೆಪ್ಟೆಂಬರಿನಲ್ಲಿ ಡಾನ್ ಮೈಕೌಸ್ಕಿ ಗಾಯಗೊಂಡಾಗ ಅಂಕಣಕ್ಕಿಳಿದರು. ಮುಂದಿನ ವಾರದಿಂದ 2007ರ ಋತುವಿನ ಕೊನೆಯವರೆಗೆ ಗ್ರೀನ್ ಬೇ ತಂಡದ 253 ಲೀಗ್ ಪಂದ್ಯಗಳನ್ನು ಒಂದೂ ತಪ್ಪದಂತೆ ಆರಂಭಿಸಿದರು. 1995, 1996, 1997, ಹೀಗೆ ಮೂರು ವರ್ಷ ಸತತವಾಗಿ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವರದಾಯಿತು. ಮೂರನೆಯದನ್ನು ಬ್ಯಾರಿ ಸ್ಯಾಂಡರ್ಸ್ ಅವರೊಡನೆ ಹಂಚಿಕೊಂಡರು. 1997ರ ಜನವರಿಯಲ್ಲಿ ತಂಡಕ್ಕೆ ಸೂಪರ್ ಬೌಲ್ ತಂದುಕೊಟ್ಟರು. ಆದರೆ ಎದುರಾಳಿಯ ಕೈಸೇರಿದ ಎಸೆತಗಳ ದಾಖಲೆಯೂ ಅವರ ಹೆಸರಿನಲ್ಲಿಯೇ ಇದೆ: ಇಡೀ ವೃತ್ತಿಜೀವನದಲ್ಲಿ 336. ಸಾಹಸವೇ ಅವರ ಬಲ, ಸಾಹಸವೇ ಅವರ ದೌರ್ಬಲ್ಯ.

ರಾಜರ್ಸ್ ಅವರು 2005ರಲ್ಲಿ ಇಪ್ಪತ್ತನಾಲ್ಕನೆಯವರಾಗಿ ಆಯ್ಕೆಗೊಂಡು, ಮೂರು ವರ್ಷ ಫಾರ್ವ್ ಅವರ ಹಿಂದೆ ಕಾದು ಕುಳಿತರು. 2008ರ ಬೇಸಗೆಯಲ್ಲಿ ಫಾರ್ವ್ ನ್ಯೂಯಾರ್ಕಿನ ಜೆಟ್ಸ್ ತಂಡಕ್ಕೆ ಹೋದಾಗ, ಅಭ್ಯಾಸದ ಅಂಕಣದಲ್ಲಿಯೇ ಕೆಲವರು ಈ ತರುಣನನ್ನು ಹೀಯಾಳಿಸಿದರು. ಆ ವರ್ಷ ತಂಡವು ಆರು ಪಂದ್ಯ ಗೆದ್ದು ಹತ್ತನ್ನು ಸೋತಿತು. ಅದೇ ತರುಣನು 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆಲ್ಲಿಸಿಕೊಟ್ಟನು; 2011, 2014, 2020 ಮತ್ತು 2021ರಲ್ಲಿ ಅತ್ಯಮೂಲ್ಯ ಆಟಗಾರನೆನಿಸಿದನು. ಗ್ರೀನ್ ಬೇ ತಂಡಕ್ಕಾಗಿ ಅವರು 475 ಟಚ್‌ಡೌನ್‌ಗಳನ್ನು ಎಸೆದರು. ಎದುರಾಳಿಗೆ ಒಪ್ಪಿಸಿದ ಎಸೆತಗಳು 105 ಮಾತ್ರ. ನಿಖರತೆಯಲ್ಲಿ ಅವರು ಮೂವರಲ್ಲಿ ಅಗ್ರಗಣ್ಯರೆಂಬುದು ನಿರ್ವಿವಾದ.

ಇನ್ನು ಲವ್ ಅವರ ವಿಚಾರ. ರಾಜರ್ಸ್ ಅವರು ಇನ್ನೂ ಉಚ್ಛ್ರಾಯದಲ್ಲಿರುವಾಗಲೇ, 2020ರಲ್ಲಿ, ತಂಡವು ಸರದಿಯನ್ನು ಮುಂದಕ್ಕೆ ಪಡೆದು ಇವರನ್ನು ಇಪ್ಪತ್ತಾರನೆಯವರಾಗಿ ಆರಿಸಿಕೊಂಡಿತು. ಇವರೂ ಮೂರು ವರ್ಷ ಕಾದರು. 2023ರ ಮೊದಲ ಒಂಬತ್ತು ಪಂದ್ಯಗಳಲ್ಲಿ ತಂಡವು ಗೆದ್ದದ್ದು ಮೂರನ್ನು. ಸಂಶಯದ ಮಾತುಗಳು ಎಲ್ಲೆಡೆ ಕೇಳಿಬಂದವು. ಉಳಿದ ಎಂಟರಲ್ಲಿ ಆರನ್ನು ಗೆದ್ದು, 32 ಟಚ್‌ಡೌನ್‌ಗಳನ್ನು ಎಸೆದು, 2024ರ ಜನವರಿಯಲ್ಲಿ ಡಲ್ಲಾಸ್ ತಂಡವನ್ನು ಅದರ ನೆಲದಲ್ಲಿಯೇ 48–32ರಿಂದ ಸೋಲಿಸಿದಾಗ ಅವೇ ಬಾಯಿಗಳು ಹೊಗಳಿಕೆಗೆ ತಿರುಗಿದವು. ಜುಲೈ ತಿಂಗಳಲ್ಲಿ ನಾಲ್ಕು ವರ್ಷಗಳಿಗೆ 22 ಕೋಟಿ ಡಾಲರುಗಳ ಒಪ್ಪಂದವಾಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಸಂಭ್ರಮ ಅಂದು ಕಾಣಿಸಿತು. 2025ರ ಜನವರಿಯಲ್ಲಿ ಫಿಲಡೆಲ್ಫಿಯಾ ತಂಡದೆದುರು ಮೂರು ಎಸೆತಗಳು ಎದುರಾಳಿಯ ಪಾಲಾಗಿ ತಂಡವು 22–10ರಿಂದ ಸೋತಾಗ, ಹಿಂದಿನ ಮಹನೀಯರ ಹೆಸರುಗಳು ಮತ್ತೆ ಚಾವಟಿಗಳಾದವು.

ಇಲ್ಲಿಯೇ ವಿವೇಚನೆ ಬೇಕಾದದ್ದು. ಆರಂಭಕ್ಕೆ ಆರಂಭವನ್ನೇ ಹೋಲಿಸಬೇಕು. ಪೂರ್ಣಾವಧಿ ಆಡಿದ ಮೊದಲ ವರ್ಷದಲ್ಲಿ ರಾಜರ್ಸ್ ಅವರ ಟಚ್‌ಡೌನ್‌ಗಳು 28, ಎದುರಾಳಿಯ ಪಾಲಾದ ಎಸೆತಗಳು 13. ಫಾರ್ವ್ ಅವರ ಮೊದಲ ವರ್ಷದ ಲೆಕ್ಕ 18 ಮತ್ತು 13. ಎರಡನೆಯ ವರ್ಷದಲ್ಲಿ 19 ಟಚ್‌ಡೌನ್‌ಗಳೆದುರು 24 ಎಸೆತಗಳು ಕೈತಪ್ಪಿದವು. ಲವ್ ಅವರ ಮೊದಲ ವರ್ಷದಲ್ಲಿ 32 ಮತ್ತು 11. ಎರಡನೆಯ ವರ್ಷದಲ್ಲಿ 25 ಮತ್ತು 11. ಹೀಗಿರುವಾಗ, ಪೂರ್ವಿಕರ ಮಧ್ಯಾಹ್ನದ ಬಿಸಿಲನ್ನು ಕಿರಿಯನ ಮುಂಜಾನೆಯೊಡನೆ ತೂಗುವುದು ಯಾವ ನ್ಯಾಯ?

ಆದರೆ ಈ ಅಂಕಿಗಳಿಂದಲೇ ಲವ್ ಅವರನ್ನು ಹಿರಿಯರಿಗಿಂತ ಮೇಲೆಂದು ಸಾರುವುದೂ ಅಷ್ಟೇ ತಪ್ಪು. ಏಕೆಂದರೆ ಆಟವೇ ಬದಲಾಗಿದೆ. ಸ್ಟಾರ್ ಅವರ ಕಾಲದಲ್ಲಿ ಚೆಂಡು ಹಿಡಿಯಲು ಓಡುವವನನ್ನು ರಕ್ಷಕರು ದಾರಿಯುದ್ದಕ್ಕೂ ತಡೆಯಬಹುದಾಗಿತ್ತು. 1978ರ ನಿಯಮವು ಅದನ್ನು ಮೊದಲ ಐದು ಗಜಗಳಿಗೆ ಸೀಮಿತಗೊಳಿಸಿತು. 1960ರವರೆಗೆ ಋತುವಿಗೆ ಹನ್ನೆರಡು ಪಂದ್ಯಗಳು, ಅನಂತರ ಹದಿನಾಲ್ಕು, 1978ರಿಂದ ಹದಿನಾರು, 2021ರಿಂದ ಹದಿನೇಳು. ಸ್ಟಾರ್ ಅವರು ಅಂಕಣದ ನಡುವೆ ನಿಂತು ಮುಂದಿನ ನಡೆಯನ್ನು ತಾವೇ ಆರಿಸುತ್ತಿದ್ದರು. 1994ರಿಂದ ಶಿರಸ್ತ್ರಾಣದೊಳಗಿನ ರೇಡಿಯೋ ಮೂಲಕ ತರಬೇತುದಾರರ ಸೂಚನೆ ಬರುತ್ತದೆ. 1966ರಲ್ಲಿ ಸ್ಟಾರ್ ಎಸೆದ ಟಚ್‌ಡೌನ್‌ಗಳು ಕೇವಲ 14. ಆದರೆ ಕೈತಪ್ಪಿದ ಎಸೆತಗಳು ಮೂರೇ ಮೂರು, ಅತ್ಯಮೂಲ್ಯ ಆಟಗಾರರೂ ಅವರೇ. ಅಂದಿನ ಹದಿನಾಲ್ಕನ್ನು ಇಂದಿನ ಮೂವತ್ತೆರಡರ ಪಕ್ಕದಲ್ಲಿಟ್ಟು ಚಿಕ್ಕದೆನ್ನುವವನು ಲೆಕ್ಕ ಬಲ್ಲವನಾಗಿರಬಹುದು, ಆಟ ಬಲ್ಲವನಲ್ಲ.

ಹಾಗಾದರೆ ಹೋಲಿಕೆಯೇ ಬೇಡವೆ? ಬೇಕು. ಹೋಲಿಕೆಯಿಲ್ಲದೆ ಆದರ್ಶವಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳು ಮೂರು: ತನಗೆ ದೊರೆತ ಸಾಧನಗಳಿಂದ ಆತ ಏನು ಮಾಡಿದ? ಕಠಿಣ ಗಳಿಗೆಯಲ್ಲಿ ಹೇಗೆ ನಿಂತ? ತನ್ನ ತಪ್ಪಿನಿಂದ ಏನು ಕಲಿತ? ಮೊದಲನೆಯ ಪ್ರಶ್ನೆಗೆ ಲವ್ ಅವರ ಉತ್ತರ ಸಮಾಧಾನಕರ. 2023ರಲ್ಲಿ ಅವರ ಸುತ್ತ ಇದ್ದುದು ಲೀಗಿನಲ್ಲಿಯೇ ಅತ್ಯಂತ ಎಳೆಯ ತಂಡ. ಎರಡನೆಯದಕ್ಕೆ ಉತ್ತರ ಮಿಶ್ರವಾದದ್ದು: ಡಲ್ಲಾಸಿನ ಗೆಲುವಿನ ಮರುವಾರವೇ ಸ್ಯಾನ್ ಫ್ರಾನ್ಸಿಸ್ಕೋ ತಂಡದೆದುರು ಅವರ ಕೊನೆಯ ಎಸೆತ ಎದುರಾಳಿಯ ಕೈಸೇರಿ ಪಂದ್ಯ ಕೈಬಿಟ್ಟಿತು. ಸ್ಟಾರ್ ಅವರ ಹಿರಿಮೆ ಇರುವುದು ಇಂಥ ಗಳಿಗೆಯಲ್ಲಿಯೇ. ಆ ಮಟ್ಟಕ್ಕೆ ಲವ್ ಇನ್ನೂ ಏರಿಲ್ಲವೆಂದು ಹೇಳುವುದು ನಿಂದೆಯಲ್ಲ, ಸತ್ಯ. ಮೂರನೆಯದಕ್ಕೆ ಉತ್ತರವನ್ನು ಕಾಲವೇ ಕೊಡಬೇಕು. ಕಾಲ ಕೊಡುವವರೆಗೆ ಅವಕಾಶವನ್ನು ಊರು ಕೊಡಬೇಕು.

ತಾಳ್ಮೆಗೆಟ್ಟರೆ ಏನಾಗುತ್ತದೆಂಬುದನ್ನು ಇದೇ ಊರು ಕಂಡಿದೆ. 1968ರಿಂದ 1991ರವರೆಗಿನ ಇಪ್ಪತ್ತನಾಲ್ಕು ಋತುಗಳಲ್ಲಿ ತಂಡವು ಅಂತಿಮ ಸುತ್ತನ್ನು ಮುಟ್ಟಿದ್ದು 1972 ಮತ್ತು 1982ರಲ್ಲಿ ಮಾತ್ರ. ಮತ್ತೊಬ್ಬ ಸ್ಟಾರ್ ಕೂಡಲೇ ಬೇಕೆಂಬ ಆತುರದಲ್ಲಿ, 1974ರಲ್ಲಿ ತರಬೇತುದಾರ ಡ್ಯಾನ್ ಡಿವೈನ್ ಅವರು, ಮೂವತ್ತನಾಲ್ಕು ವಯಸ್ಸಿನ ಜಾನ್ ಹ್ಯಾಡ್ಲ್ ಎಂಬ ಆಟಗಾರರಿಗಾಗಿ ಮುಂದಿನ ಐದು ಆಯ್ಕೆಯ ಸರದಿಗಳನ್ನು ಬಿಟ್ಟುಕೊಟ್ಟರು. ಅವುಗಳಲ್ಲಿ ಎರಡು ಮೊದಲ ಸುತ್ತಿನವು. 1975ರಲ್ಲಿ ಹ್ಯಾಡ್ಲ್ ಎಸೆದದ್ದು 6 ಟಚ್‌ಡೌನ್, ಎದುರಾಳಿಗೆ ಒಪ್ಪಿಸಿದ್ದು 21 ಎಸೆತಗಳು. ಬಿತ್ತನೆಯ ಬೀಜವನ್ನೇ ಮಾರಿ ಒಂದು ಹೊತ್ತಿನ ಊಟ ಕೊಂಡಂತಾಯಿತು. ಅದರ ಬಾಧೆಯನ್ನು ಅನುಭವಿಸಿದವರು ಸ್ವತಃ ಸ್ಟಾರ್. 1975ರಿಂದ 1983ರವರೆಗೆ ತರಬೇತುದಾರರಾಗಿದ್ದ ಅವರು ಗೆದ್ದುದಕ್ಕಿಂತ ಸೋತದ್ದೇ ಹೆಚ್ಚು. ಆಟದಲ್ಲಿ ಅದ್ವಿತೀಯರಾದವರೂ ಬರಿದಾದ ಕಣಜದಿಂದ ಅಡುಗೆ ಮಾಡಲಾರರು. ಅದಕ್ಕೆ ಪ್ರತಿಯಾಗಿ ರಾಜರ್ಸ್ ಮತ್ತು ಲವ್ ಇಬ್ಬರನ್ನೂ ಮೂರು ಮೂರು ವರ್ಷ ಕಾಯಿಸಿ ಬೆಳೆಸಿದ್ದು ಆ ಸಂಸ್ಥೆ ತಡವಾಗಿ ಕಲಿತ ಪಾಠದ ಫಲ.

2015ರ ನವೆಂಬರ್ 26ರ ಮಳೆಯ ರಾತ್ರಿ, 2009ರಲ್ಲಿ ಎದುರಾಳಿ ಮಿನ್ನೆಸೋಟ ತಂಡದ ಉಡುಪಿನಲ್ಲಿ ಬಂದಾಗ ಜನ ಧಿಕ್ಕರಿಸಿದ್ದ ಫಾರ್ವ್ ಅವರಿಗೆ ಅದೇ ಲ್ಯಾಂಬೋ ಕ್ರೀಡಾಂಗಣ ಗೌರವ ಸಲ್ಲಿಸಿತು. ಪಾರ್ಶ್ವವಾಯುವಿನಿಂದ ಬಳಲಿದ್ದ ಸ್ಟಾರ್ ಅವರೂ ಅಂಕಣಕ್ಕೆ ಬಂದರು. ಅಂದಿನ ನಾಯಕ ರಾಜರ್ಸ್ ಅವರೂ ಅಲ್ಲಿದ್ದರು. ಆ ರಾತ್ರಿ ತಂಡವು ಶಿಕಾಗೋ ಎದುರು ಸೋತಿತು. ಆದರೂ ಮೂರು ತಲೆಮಾರುಗಳು ಒಂದೆಡೆ ಕೂಡಿದ ಆ ಗಳಿಗೆಯಲ್ಲಿ ಯಾರು ಹಿರಿಯರೆಂಬ ಪ್ರಶ್ನೆ ಸಣ್ಣದಾಗಿತ್ತು. 2019ರ ಮೇ ತಿಂಗಳಲ್ಲಿ ಸ್ಟಾರ್ ತೀರಿಕೊಂಡರು.

ಪರಂಪರೆಯೆಂಬುದು ಕಿರಿಯರ ಹೆಗಲ ಮೇಲೆ ಹೊರಿಸುವ ಬಂಡೆಯಾಗಬಾರದು, ಹತ್ತಿ ನಿಂತು ದೂರ ನೋಡುವ ಮೆಟ್ಟಿಲಾಗಬೇಕು. 1958ರಲ್ಲಿ ಸ್ಟಾರ್ ಅವರನ್ನು, 1993ರಲ್ಲಿ ಫಾರ್ವ್ ಅವರನ್ನು, 2008ರಲ್ಲಿ ರಾಜರ್ಸ್ ಅವರನ್ನು ಆತುರದ ತೀರ್ಪಿನಿಂದ ಕೈಬಿಟ್ಟಿದ್ದರೆ, ಇಂದು ಹೋಲಿಸಲು ಮಹನೀಯರೇ ಇರುತ್ತಿರಲಿಲ್ಲ. ಕಿರಿಯನನ್ನು ಹಿರಿಯರ ಸಾಲಿನಲ್ಲಿ ಈಗಲೇ ಕೂರಿಸುವ ಅವಸರವೂ ಬೇಡ, ಆ ಸಾಲಿಗೆ ಅವನು ಬಾರನೆಂದು ಬಾಗಿಲಿಕ್ಕುವ ದುಡುಕೂ ಬೇಡ. ಹಿರಿಯರಿಗೆ ಕೊಟ್ಟಷ್ಟು ಕಾಲವನ್ನು ಕಿರಿಯನಿಗೂ ಕೊಡುವುದೇ ಹಿರಿಯರಿಗೆ ಸಲ್ಲಿಸುವ ನಿಜವಾದ ಗೌರವ.