ಅಂಗೈಯಗಲದ ಚಿತ್ರಶಾಲೆ

ಛಾಯಾಗ್ರಾಹಕನಿಗೆ ಹಿಂದೆ ಪ್ರದರ್ಶನಶಾಲೆಯ ಗೋಡೆ ದೊರೆಯುವುದೇ ದುರ್ಲಭವಾಗಿತ್ತು. 2010ರಲ್ಲಿ ಬಂದ ಇನ್‌ಸ್ಟಾಗ್ರಾಂ ಆ ಗೋಡೆಯನ್ನು ಅಂಗೈಗೇ ತಂದಿತು, ಉಪಕಾರ ದೊಡ್ಡದೇ. ಆದರೆ ಅಷ್ಟು ಕಿರಿದಾದ ಪರದೆಯಲ್ಲಿ, ವಿಶಾಲ ಹುಲ್ಲುಗಾವಲಿನ ನಡುವೆ ನಿಂತ ಒಂಟಿ ಜಿಂಕೆ ಬರಿಯ ಚುಕ್ಕೆಯಾಗುತ್ತದೆ. ಜಿಂಕೆಯ ಮುಖವೊಂದೇ ತುಂಬಿದ ಚಿತ್ರ ಮೆಚ್ಚುಗೆಯನ್ನು ಬಾಚಿಕೊಳ್ಳುತ್ತದೆ. ಇದನ್ನರಿತ ಕಲಾವಿದನು ಕ್ರಮೇಣ ಮುಖವನ್ನಷ್ಟೇ ತೆಗೆಯತೊಡಗಿದರೆ ನಷ್ಟ ಅವನೊಬ್ಬನದಲ್ಲ, ಕಾಡನ್ನು ಚಿತ್ರದಲ್ಲಷ್ಟೇ ಕಾಣಬಲ್ಲ ನಮ್ಮೆಲ್ಲರದು.

2021ರಲ್ಲಿ ಆ ತಾಣದ ಮುಖ್ಯಸ್ಥ ಆಡಂ ಮೊಸೆರಿ, ತಮ್ಮದು ಇನ್ನು ಬರಿಯ ಚಿತ್ರ ಹಂಚುವ ತಾಣವಲ್ಲವೆಂದೂ ವಿಡಿಯೊಗೆ ಒತ್ತು ಕೊಡುವೆವೆಂದೂ ಸಾರಿದರು. ಮನೆಯೊಡೆಯನೇ ಹೀಗೆಂದ ಮೇಲೆ ಬಿಡಾರವನ್ನು ಸ್ವಂತ ಮನೆಯೆಂದು ನಂಬುವುದುಂಟೆ? ಅಲ್ಲಿ ಧಾರಾಳವಾಗಿ ಹಂಚಲಿ. ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಕಾಗದದ ಮೇಲೆ ದೊಡ್ಡದಾಗಿ ಅಚ್ಚುಹಾಕಿಸಿ ಗೋಡೆಗೇರಿಸಲಿ. ಆಗ ಜಿಂಕೆಯ ಸುತ್ತಲಿನ ಹುಲ್ಲುಗಾವಲೂ ನಮ್ಮ ಕಣ್ಣಿಗೆ ಬಿದ್ದೀತು.