ಹೊಸತೊಡಕಿನ ತೊಡಕು

ಯುಗಾದಿಯ ಬೇವು-ಬೆಲ್ಲವನ್ನು ನಮ್ಮ ಕವಿಗಳು ಬೇಕಾದಷ್ಟು ಹಾಡಿಹೊಗಳಿದ್ದಾರೆ. ಅದರ ಮರುದಿನ ಬರುವ ಹೊಸತೊಡಕನ್ನು ಹಾಡಿದವರು ವಿರಳ. ಆದರೆ ಹಳೆಯ ಮೈಸೂರು ಸೀಮೆಯ ಮಾಂಸಾಹಾರಿಗಳ ಮನೆಗಳಲ್ಲಿ ಅಂದು ಒಲೆಯಿಂದ ಏಳುವ ಸಾರಿನ ಪರಿಮಳವೇ ಒಂದು ಕಾವ್ಯ. ಬೆಳಗಿನ ಜಾವದಿಂದಲೇ ಮಾಂಸದಂಗಡಿಗಳ ಮುಂದೆ ಸಾಲು ಹನುಮಂತನ ಬಾಲದಂತೆ ಬೆಳೆಯುತ್ತದೆ. ಆ ಸಾಲಿಗೆ ಅಂಜಿ ನಾನು ಕಳೆದ ವರ್ಷ ನಾಲ್ಕು ದಿನ ಮುಂಚಿತವಾಗಿಯೇ ಎರಡು ಕಿಲೋ ಕೋಳಿಮಾಂಸವನ್ನು ತಂದು ಫ್ರೀಜರಿನಲ್ಲಿ ಕಲ್ಲಾಗಿಸಿಟ್ಟೆ.

ಹಬ್ಬದ ದಿನ ಮಾಂಸವನ್ನು ಮುಟ್ಟಕೂಡದೆಂಬುದು ನನ್ನ ತಾಯಿಯವರ ಕಟ್ಟಪ್ಪಣೆ. ಆದಕಾರಣ ಯುಗಾದಿಯ ರಾತ್ರಿ ಹನ್ನೊಂದು ಗಂಟೆಗೆ, ಹಬ್ಬ ಮುಗಿಯಿತೆಂದು ನನಗೆ ನಾನೇ ತೀರ್ಪುಕೊಟ್ಟುಕೊಂಡು, ಆ ಗಡ್ಡೆಯನ್ನು ಹೊರತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನಿಶ್ಚಿಂತೆಯಿಂದ ಮಲಗಿದೆ. ಬೆಳಗ್ಗೆ ಆರಕ್ಕೆ ನನ್ನಾಕೆ ಎಬ್ಬಿಸಿದಳು.

"ರೀ, ಇದನ್ನು ಎಷ್ಟು ಹೊತ್ತಿಗೆ ಹೊರಗಿಟ್ಟಿರಿ?"

"ಹನ್ನೊಂದಕ್ಕೆ."

"ಹಾಗಾದರೆ ಇದನ್ನು ಬೇಯಿಸುವುದು ಬೇಡ. ಚೆಲ್ಲಿಬಿಡೋಣ."

ತಾಯಿಯವರು ಹೌಹಾರಿದರು. "ಏನಮ್ಮಾ, ಎರಡು ಕಿಲೋ ಕೋಳಿಯನ್ನು ಚೆಲ್ಲುವುದೆ? ವಾಸನೆಯಿಲ್ಲ, ಬಣ್ಣ ಕೆಟ್ಟಿಲ್ಲ. ನಾಲ್ಕು ಕುದಿ ಹೆಚ್ಚಿಗೆ ಕುದಿಸಿದರೆ ಯಾವ ಕ್ರಿಮಿ ಉಳಿದೀತು?"

ನನಗೂ ಆ ಮಾತೇ ಸರಿಯೆನಿಸಿತು. ನನ್ನಾಕೆಯಾದರೋ ಜೀವವಿಜ್ಞಾನವನ್ನು ಓದಿದವಳು. "ಕ್ರಿಮಿ ಸತ್ತರೂ ಅದು ಕಾರಿದ ವಿಷ ಸಾಯದೆ ಇರಬಹುದು, ಅತ್ತೆ. ಮನೆಯಲ್ಲಿ ಏಳು ತಿಂಗಳ ಬಸುರಿ ಇದ್ದಾಳೆ" ಎಂದಳು. ಹಬ್ಬಕ್ಕೆಂದು ಬಂದಿದ್ದ ನನ್ನ ತಂಗಿ ಒಳಕೋಣೆಯಲ್ಲಿ ಮಲಗಿದ್ದಳು. ತಾಯಿಯವರು ಮತ್ತೆ ಮಾತಾಡಲಿಲ್ಲ.

ನನ್ನ ತಪ್ಪಿನ ಮೂಲವನ್ನು ಆಮೇಲೆ ವಿಚಾರಿಸಿ ತಿಳಿದೆ. ಶೈತ್ಯವು ರೋಗಾಣುಗಳನ್ನು ಕೊಲ್ಲುತ್ತದೆಂಬ ಭ್ರಮೆ ನಮ್ಮಲ್ಲಿ ಅನೇಕರಿಗೆ ಉಂಟು. ಫ್ರೀಜರಿನ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಅವುಗಳಲ್ಲಿ ಬಹುಪಾಲು ಸಾಯುವುದಿಲ್ಲ, ಕುಂಭಕರ್ಣನಂತೆ ನಿದ್ರಿಸುತ್ತವೆ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಬೆಚ್ಚನೆಯ ವಲಯ ದೊರೆತೊಡನೆ ಎದ್ದು ಬೆಳೆಯತೊಡಗುತ್ತವೆ. ಕಟ್ಟೆಯ ಮೇಲಿಟ್ಟ ಗಡ್ಡೆಯ ಒಡಲು ಇನ್ನೂ ಕಲ್ಲಾಗಿರುವಾಗಲೇ ಅದರ ಹೊರಮೈ ಈ ವಲಯವನ್ನು ಸೇರಿರುತ್ತದೆ. ಬೆಂಕಿಯು ಸಾಲ್ಮೊನೆಲ್ಲಾದಂತಹ ರೋಗಾಣುಗಳನ್ನು ಕೊಲ್ಲಬಲ್ಲದು, ನಿಜ. ಆದರೆ ಸ್ಟ್ಯಾಫಿಲೊಕಾಕಸ್‌ನಂತಹ ಕೆಲವು ಬೆಳೆಯುವಾಗ ಬಿಟ್ಟುಹೋಗುವ ವಿಷವು ಕುದಿಯುವ ಸಾರಿಗೂ ಜಗ್ಗುವುದಿಲ್ಲ. ಮೂಗಿಗೂ ಕಣ್ಣಿಗೂ ಅದು ಗೋಚರಿಸುವುದಿಲ್ಲ. ಆದುದರಿಂದಲೇ ಹಸಿಮಾಂಸವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. 32 ಡಿಗ್ರಿ ಮೀರಿದ ಬಿಸಿಲುಗಾಲದಲ್ಲಿ ಒಂದೇ ಗಂಟೆ.

ಹಾಗಾದರೆ ಕಲ್ಲಾದುದನ್ನು ಕರಗಿಸುವ ಬಗೆ ಹೇಗೆ? ಎಲ್ಲಕ್ಕಿಂತ ನಿರಪಾಯವಾದುದು ಫ್ರಿಜ್ಜಿನ ಕೆಳಗಿನ ಅಂತಸ್ತು. ಆಳವಾದ ಪಾತ್ರೆಯಲ್ಲಿ ಮುಚ್ಚಿಟ್ಟರೆ ಅದರ ನೀರು ಬೇರೆ ಪದಾರ್ಥಗಳ ಮೇಲೆ ತೊಟ್ಟಿಕ್ಕದು. ಎರಡು ಕಿಲೋ ಗಡ್ಡೆಗೆ ಸುಮಾರು ಒಂದು ದಿನ ಬೇಕು. ಅವಸರವಿದ್ದರೆ ನೀರು ಒಳಸೇರದ ಚೀಲದಲ್ಲಿ ಬಿಗಿದು ತಣ್ಣೀರಿನಲ್ಲಿ ಮುಳುಗಿಸಿಟ್ಟು, ಅರ್ಧ ಗಂಟೆಗೊಮ್ಮೆ ನೀರನ್ನು ಬದಲಿಸಬೇಕು. ಅರ್ಧ ಕಿಲೋ ಸುಮಾರು ಒಂದು ಗಂಟೆಯಲ್ಲಿ ಸಡಿಲವಾಗುತ್ತದೆ. ಬಿಸಿನೀರು ಮಾತ್ರ ಕೂಡದು. ಮೈಕ್ರೋವೇವ್ ಒಲೆಯೂ ಆಗಬಹುದು. ಆದರೆ ತಣ್ಣೀರಿನಲ್ಲಾಗಲಿ ಮೈಕ್ರೋವೇವಿನಲ್ಲಾಗಲಿ ಕರಗಿಸಿದುದನ್ನು ಒಡನೆಯೇ ಬೇಯಿಸಬೇಕು.

ಬೇಯಿಸುವಾಗ ಕೋಳಿಯ ಅತ್ಯಂತ ದಪ್ಪಭಾಗವು 74 ಡಿಗ್ರಿಯನ್ನು ಮುಟ್ಟಬೇಕು. ಚೆನ್ನಾಗಿ ಕುದಿದ ಸಾರಿನಲ್ಲಿ ಇದು ಕಷ್ಟವಲ್ಲ. ಮೋಸವಾಗುವುದು ಹುರಿದ ಮತ್ತು ಕರಿದ ತುಂಡುಗಳಲ್ಲಿ: ಮೇಲೆ ಹೊಂಬಣ್ಣ, ಎಲುಬಿನ ಬಳಿ ಹಸಿ. ಹಸಿಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವುದೂ ತರವಲ್ಲ. ಸಿಡಿದ ಹನಿಗಳು ಪಕ್ಕದ ಕೊತ್ತಂಬರಿಗೂ ರೋಗಾಣುವನ್ನು ಹಂಚುತ್ತವೆ.

ಕರಗಿದುದನ್ನು ಮತ್ತೆ ಫ್ರೀಜರಿಗೆ ಹಾಕಬಹುದೆ ಎಂಬುದು ಹಲವರ ಸಂದೇಹ. ಫ್ರಿಜ್ಜಿನೊಳಗೇ ಕರಗಿದ್ದಾದರೆ, ಒಂದೆರಡು ದಿನದೊಳಗೆ, ಬೇಯಿಸದೆಯೂ ಮರಳಿ ಇಡಬಹುದು. ಸ್ವಲ್ಪ ರಸ ಸೋರಿ ಮಾಂಸ ನಾರಾಗುವುದಷ್ಟೇ ನಷ್ಟ. ನೀರಿನಲ್ಲಿ ಅಥವಾ ಮೈಕ್ರೋವೇವಿನಲ್ಲಿ ಕರಗಿಸಿದುದನ್ನು ಬೇಯಿಸಿದ ಮೇಲೆಯೇ ಇಡಬೇಕು. ಎರಡು ಗಂಟೆ ಮೀರಿ ಹೊರಗಿದ್ದುದಕ್ಕೆ ಫ್ರೀಜರೂ ಇಲ್ಲ, ಒಲೆಯೂ ಇಲ್ಲ. ಉಳಿದ ಸಾರನ್ನು ಎರಡು ಗಂಟೆಯೊಳಗೆ ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ ತಣ್ಣಗಿಡತಕ್ಕದ್ದು. ಮಾಂಸವನ್ನು ತಂದಾಗಲೇ ಅರ್ಧ ಅರ್ಧ ಕಿಲೋ ಪೊಟ್ಟಣಗಳಾಗಿ ಚಪ್ಪಟೆಯಾಗಿ ಕಟ್ಟಿಟ್ಟರೆ, ಬೇಕಾದಷ್ಟನ್ನೇ ತೆಗೆಯಬಹುದು. ಮರಳಿ ಇಡುವ ಪ್ರಶ್ನೆಯೇ ಏಳದು.

ಅಂದು ನಾನು ಯಾವ ಸಾಲಿಗೆ ಅಂಜಿದ್ದೆನೋ ಅದೇ ಸಾಲಿನಲ್ಲಿ ಎರಡೂವರೆ ಗಂಟೆ ನಿಂತು ಪ್ರಾಯಶ್ಚಿತ್ತ ಮಾಡಿಕೊಂಡೆ. ಮುದ್ದೆಯೂ ಸಾರೂ ಎಲೆಗೆ ಬಂದಾಗ ಮೂರು ಗಂಟೆ. ಎರಡು ಕಿಲೋ ಹಾಳಾಯಿತೆಂಬ ಸಂಕಟ ತಾಯಿಯವರ ಮುಖದಲ್ಲಿ ಸಂಜೆಯವರೆಗೂ ಇತ್ತು. ಬಡತನವನ್ನು ಕಂಡವರಿಗೆ ಅನ್ನವನ್ನು ಚೆಲ್ಲುವುದು ಸುಲಭವಲ್ಲ. ಆ ಸಂಕಟವನ್ನು ನಾನು ಹಗುರಾಗಿ ಕಾಣಲಾರೆ. ಚೆಲ್ಲುವ ಪ್ರಸಂಗವನ್ನೇ ತಂದುಕೊಳ್ಳದಿರುವುದು ನನ್ನ ಕೈಯಲ್ಲಿತ್ತು.

ಈ ವರ್ಷ ಯುಗಾದಿಯ ಹಿಂದಿನ ಅಮಾವಾಸ್ಯೆಯ ರಾತ್ರಿ ತಾಯಿಯವರೇ ಕೂಗಿ ಕೇಳಿದರು: "ಏನೋ, ಕೋಳಿಯನ್ನು ಕೆಳಗಿನ ಅಂತಸ್ತಿಗೆ ಇಳಿಸಿದೆಯಾ? ನಾಳೆ ಹಬ್ಬ, ಮುಟ್ಟುವ ಹಾಗಿಲ್ಲ." ಮಡಿಗೂ ವಿಜ್ಞಾನಕ್ಕೂ ಹೀಗೆ ರಾಜಿಯಾಯಿತು. ಹಾಗೆ ಕೇಳುವಾಗ ಅವರ ತೊಡೆಯ ಮೇಲೆ ತಂಗಿಯ ಹತ್ತು ತಿಂಗಳ ಮಗು ಆಡುತ್ತಿತ್ತು.