ಯಾರ ಪಾವು, ಯಾರ ಕೊಳಗ?

ಹೋದ ಸಲ ನುಚ್ಚಿನುಂಡೆಗೆ ‘ಒಂದು ಪಾವು ತೊಗರಿಬೇಳೆ’ ಎಂದು ಬರೆದಿದ್ದೆ. ‘ನಿಮ್ಮನೆ ಪಾವು ಎಷ್ಟು ದೊಡ್ಡದಮ್ಮಾ, ನನ್ನ ಉಂಡೆ ಎಲ್ಲಾ ಒಡೆದುಹೋಯ್ತಲ್ಲ!’ ಎಂದು ಸೋದರಿಯೊಬ್ಬರ ಕಾಗದ ಬಂದಿದೆ. ನಗಬೇಡಿ. ಅಳತೆಯ ಮಾತಿಗೇ ನಮ್ಮ ಜಿಲ್ಲೆಯಲ್ಲಿ ಜನ ಜೈಲಿಗೆ ಹೋಗಿದ್ದಾರೆ.

ಸಾಗರದ ಕಡೆಯ ಕಾಗೋಡು ಗೊತ್ತಲ್ಲ? ಅಲ್ಲಿ ಗೇಣಿ ಭತ್ತ ಅಳೆಯಲು ಧಣಿಗಳು ಇಟ್ಟುಕೊಂಡಿದ್ದ ಕೊಳಗ ನ್ಯಾಯದ ಕೊಳಗಕ್ಕಿಂತ ದೊಡ್ಡದು. ಮಳೆಗಾಲವೆಲ್ಲ ಕೆಸರಲ್ಲಿ ನಿಂತವರು ಸುಗ್ಗಿಯಲ್ಲಿ ಧಣಿಗಳ ಅಂಗಳದಲ್ಲಿ ನಿಂತು, ಕೊಳಗಕ್ಕಿಷ್ಟು ಎಂದು ತಮ್ಮ ಮಕ್ಕಳ ಅನ್ನ ಹೋಗುವುದನ್ನು ನೋಡಬೇಕು. ‘ಸರ್ಕಾರದ ಮುದ್ರೆಯ ಕೊಳಗದಲ್ಲಿ ಅಳೆಯಿರಿ’ ಎಂದು ದೀವರ ಗೇಣಿದಾರರು ಕೇಳಿದರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಕೊಳಗದ ಜಗಳ ಗದ್ದೆಯ ಜಗಳವಾಗಿ, 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹವೇ ಶುರುವಾಯಿತು. ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತರು; ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

1974ರಲ್ಲಿ ದೇವರಾಜ ಅರಸರ ಸರ್ಕಾರದ ಕಾನೂನು ಗೇಣಿಯನ್ನೇ ತೆಗೆಯಿತು. ಉಳುವವರು ‘ಡಿಕ್ಲರೇಷನ್’ ಕೊಟ್ಟರು. ಗೇಣಿಯೊಂದನ್ನೇ ನಂಬಿದ್ದ ವಿಧವೆಯರ ಒಲೆ ತಣ್ಣಗಾದದ್ದೂ ಉಂಟು, ಅದನ್ನು ಮುಚ್ಚಿಡಬಾರದು. ಆದರೆ ಕೂಲಿಗೆ ನಾಟಿ ಮಾಡುತ್ತಿದ್ದ ಹೆಂಗಸು? ಅವಳು ಗೇಣಿದಾರಳೂ ಅಲ್ಲ, ಅರ್ಜಿ ಹಾಕುವ ಹಾಗೂ ಇಲ್ಲ. ಜಮೀನು ಬಂದ ಮನೆಗಳಲ್ಲೂ ಪಹಣಿಯ ಹೆಸರು ಹೆಚ್ಚಾಗಿ ಗಂಡಸಿನದೇ.

ಆ ಕೂಲಿಯವರ ಮನೆಯ ಹೆಣ್ಣುಮಕ್ಕಳು ಎಷ್ಟೋ ಮಂದಿ ಈಗ ಪೇಟೆಯಲ್ಲಿ ಮನೆಗೆಲಸಕ್ಕೆ ಬರುತ್ತಾರೆ. ನಮ್ಮ ಗೋಪಾಳದಲ್ಲಿ ಮಾತು ಆಗುವುದು ‘ಪಾತ್ರೆ, ಕಸ, ಒರೆಸೋದು’ ಅಂತ. ನಾಲ್ಕು ಜನರ ಪಾತ್ರೆಯೂ ‘ಪಾತ್ರೆ’, ನೆಂಟರು ಬಂದು ಹದಿನಾಲ್ಕು ಜನರದಾದರೂ ‘ಪಾತ್ರೆ’ಯೇ! ಗೌರಿ ಹಬ್ಬದ ಮಾರನೇ ದಿನ ನಮ್ಮನೆಯಾಕೆ ಹಿತ್ತಲ ರಾಶಿ ನೋಡಿ, ‘ಅಕ್ಕಾ, ನೀವು ಹೇಳಿದ್ದು ಇಷ್ಟಲ್ಲ’ ಅಂದಳು. ನನಗೆ ರೇಗಿತು. ಸೀರೆ ಕೊಟ್ಟಿಲ್ಲವೇ, ಹೋಳಿಗೆ ಕಟ್ಟಿಕೊಟ್ಟಿಲ್ಲವೇ ಅಂದೆ. ‘ಕೊಟ್ಟಿದೀರಿ, ನಾನು ಕೇಳಿದ್ದು ಅದಲ್ಲ’ ಅಂದಳು. ರಾತ್ರಿ ನಿದ್ದೆ ಹತ್ತದೆ ಹೊರಳುವಾಗ ಕಾಗೋಡಿನ ಕೊಳಗ ನೆನಪಾಯಿತು.

ಈಗ ನೆಂಟರ ದಿನಕ್ಕೆ ಬೇರೆ ದುಡ್ಡು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳು ಅವಳೇ. ಯಜಮಾನರಿಗೆ ಇದು ಅಷ್ಟಾಗಿ ಹಿಡಿಸಿಲ್ಲ. ಇರಲಿ, ಪಾತ್ರೆ ಅವರೇನು ತೊಳೆಯುತ್ತಾರೆಯೇ?

ಅಂದಹಾಗೆ, ನನ್ನ ಪಾವಿಗೆ ಕಾಲು ಲೀಟರು ನೀರು ಹಿಡಿಯುತ್ತದೆ. ನೆನೆದ ಬೇಳೆಯ ನೀರು ಪೂರ್ತಿ ಬಸಿದು ತರಿತರಿಯಾಗಿ ರುಬ್ಬಿ ನೋಡಿ, ಉಂಡೆ ಒಡೆಯುವುದಿಲ್ಲ.